ಪ್ರಾಕ್ಟಿಕಲ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಪ್ರತಿಸಲವೂ ‘ಪ್ರಶ್ನೆ ಜಾಸ್ತಿ, ಭಾವನೆ ಕಾಣುತ್ತಿಲ್ಲ’ ಅಂತ ಷರಾ ಬರುತ್ತಿದೆ. ಹೇಗೆ ಸರಿಪಡಿಸಿಕೊಳ್ಳೋದು?

ಪ್ರಶ್ನೆ: ನಾಲ್ಕನೇ_ಸೆಮಿಸ್ಟರ್

ಓದುತ್ತಿರುವುದು ಆಪ್ತಸಮಾಲೋಚನೆ ಮತ್ತು ಅನ್ವಯಿಕ ಮನೋವಿಜ್ಞಾನ. ಪ್ರಾಕ್ಟಿಕಲ್‌ಗೆ ಸಹಪಾಠಿಯೊಬ್ಬರನ್ನು ಕ್ಲೈಂಟ್ ಜಾಗದಲ್ಲಿ ಕೂರಿಸಿ 15 ನಿಮಿಷದ ಸೆಷನ್ ರೆಕಾರ್ಡ್ ಮಾಡಬೇಕು. ಆಮೇಲೆ ಅದನ್ನು ಬರೆದಿಳಿಸಿ, ನನ್ನ ಒಂದೊಂದು ಮಾತಿನ ಮುಂದೆಯೂ ಯಾವ ಕೌಶಲ ಬಳಸಿದೆ ಅಂತ ಗುರುತು ಹಾಕಿ ಕೊಡಬೇಕು. ಎರಡು ಸಲ ಕೊಟ್ಟಾಯ್ತು. ಎರಡು ಸಲವೂ ಅಂಚಿನಲ್ಲಿ ಅದೇ ಷರಾ: ‘ಪ್ರಶ್ನೆಗಳು ಜಾಸ್ತಿ’, ‘ಭಾವನೆಯ ಪ್ರತಿಫಲನ ಎಲ್ಲಿ?’ (ಅಂದರೆ ಕ್ಲೈಂಟ್ ಮಾತಿನ ಹಿಂದಿರುವ ಭಾವನೆಯನ್ನು ಹಿಡಿದು ಅವರಿಗೇ ತಿರುಗಿ ಹೇಳುವುದು), ‘ಸಲಹೆ ಅವಸರದಲ್ಲಿ ಬಂತು’. ಪರೀಕ್ಷೆಯಲ್ಲಿ ಎಂಪಥಿ, ಅಂದರೆ ಇನ್ನೊಬ್ಬರ ಜಾಗದಲ್ಲಿ ನಿಂತು ಅವರ ಭಾವನೆ ಅರಿಯುವುದರ ಬಗ್ಗೆ ನಾಲ್ಕು ಪುಟ ಬರೆಯೋದು ಕಷ್ಟವಿಲ್ಲ. ಎದುರಿಗೆ ಕೂತಾಗ ಮಾತ್ರ ಬಾಯಿಗೆ ಪ್ರಶ್ನೆಯೇ ಬರುತ್ತೆ.

ಒಂದು ತುಣುಕು ಹಾಕುತ್ತೇನೆ, ಸಹಪಾಠಿಯ ಒಪ್ಪಿಗೆ ಪಡೆದು, ಸಂಗತಿಗಳನ್ನು ಬದಲಾಯಿಸಿ:

ಕ್ಲೈಂಟ್: ಅಣ್ಣನ ಜೊತೆ ಮಾತು ಬಿಟ್ಟು ಮೂರು ತಿಂಗಳಾಯ್ತು. ಮನೇಲಿ ಯಾರೂ ಅದರ ಬಗ್ಗೆ ಕೇಳೋದೇ ಇಲ್ಲ.
ನಾನು: ಯಾಕೆ ಮಾತು ಬಿಟ್ರಿ? ನೀವೇ ಒಂದ್ಸಲ ಮಾತಾಡಿಸಿ ನೋಡಬಹುದಿತ್ತಲ್ವಾ?
ಕ್ಲೈಂಟ್: ಹ್ಞೂಂ... ನೋಡಬಹುದಿತ್ತು.
ನಾನು: ನಿಮಗೆ ಬೇಜಾರಾಗಿದೆ ಅಲ್ವಾ?
ಕ್ಲೈಂಟ್: ಹೌದು.

ಇಲ್ಲಿಂದ ಮುಂದೆ ಸೆಷನ್ ಹೊರಡಲೇ ಇಲ್ಲ. ಇನ್ನೊಂದು ವಿಷಯ: ಸಂಖ್ಯಾಶಾಸ್ತ್ರ ಮತ್ತು ಮನೋಪರೀಕ್ಷೆಗಳ ಪೇಪರ್ ಕೂಡ ಇದೇ ಸೆಮಿಸ್ಟರ್‌ನಲ್ಲಿದೆ. ಆಪ್ತಸಮಾಲೋಚನೆಗೇ ಹೋಗಬೇಕು ಅನ್ನುವವರು ಅದರಲ್ಲಿ ಯಾವ ಭಾಗವನ್ನು ಗಟ್ಟಿ ಮಾಡಿಕೊಳ್ಳಬೇಕು?

ಉತ್ತರ: ಕೇಳುವ_ಕಿವಿ

ತುಣುಕು ಹಾಕಿದ್ದು ಒಳ್ಳೆಯದಾಯ್ತು. ರೋಗ ಎಲ್ಲಿದೆ ಅಂತ ಈ ಐದು ಸಾಲಿನಲ್ಲೇ ಕಾಣುತ್ತೆ.

ಕ್ಲೈಂಟ್ ಹೇಳಿದ್ದು ಎರಡು ವಾಕ್ಯ. ಮೊದಲನೆಯದು ಸುದ್ದಿ, ಎರಡನೆಯದು ನೋವು. ನೀವು ಸುದ್ದಿಯ ಬೆನ್ನು ಹತ್ತಿದ್ದೀರಿ, ನೋವು ಅಲ್ಲೇ ಉಳಿಯಿತು. ‘ಯಾರೂ ಕೇಳೋದೇ ಇಲ್ಲ’ ಅನ್ನುವುದರಲ್ಲಿರುವ ‘ಕೇಳೋದೇ’ದ ಆ ‘ಏ’ಕಾರವನ್ನು ಗಮನಿಸಿ. ಒತ್ತು ಬಿದ್ದಿರುವುದು ಅಲ್ಲಿ. ಕನ್ನಡದಲ್ಲಿ ಜನ ಭಾವನೆಯನ್ನು ಹೆಸರಿಟ್ಟು ಹೇಳುವುದಕ್ಕಿಂತ ಇಂಥ ಒತ್ತಿನಲ್ಲಿ, ‘ಬಿಟ್ಟ’, ‘ಹೋಯ್ತು’, ‘ಅಂತೆ’ಗಳಲ್ಲಿ ಅಡಗಿಸಿ ಹೇಳುವುದೇ ಹೆಚ್ಚು. ‘ಅವನು ಹೋದ’ ಬೇರೆ, ‘ಅವನು ಹೋಗೇಬಿಟ್ಟ’ ಬೇರೆ. ಟ್ರಾನ್ಸ್‌ಕ್ರಿಪ್ಟ್ ಬರೆಯುವಾಗ ಇದನ್ನೆಲ್ಲ ಪುಸ್ತಕದ ಭಾಷೆಗೆ ತಿದ್ದಿ ಚಂದ ಮಾಡಬೇಡಿ. ಬಾಯಲ್ಲಿ ಬಂದ ಹಾಗೇ ಬರೆಯಿರಿ, ನಿಲುಗಡೆ ಬಂದಲ್ಲಿ ಎಷ್ಟು ಸೆಕೆಂಡ್ ಅಂತ ಹಾಕಿ. ತಿದ್ದಿದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಭಾವನೆಯ ಸುಳಿವೇ ಅಳಿಸಿಹೋಗುತ್ತೆ, ಆಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಇನ್ನು ನಿಮ್ಮ ಮಾತುಗಳು. ‘ಯಾಕೆ ಮಾತು ಬಿಟ್ರಿ?’ ವ್ಯಾಕರಣದ ಪ್ರಕಾರ ತೆರೆದ ಪ್ರಶ್ನೆ, ಅಂದರೆ ಹೌದು-ಇಲ್ಲ ಅಂತ ಮುಗಿಸಲಾಗದ್ದು. ಆದರೆ ‘ಯಾಕೆ’ ಅಂದ ಕೂಡಲೇ ಎದುರಿಗಿರುವವರು ಸಮಜಾಯಿಷಿ ಕೊಡಲು ಸಿದ್ಧರಾಗುತ್ತಾರೆ. ಅದೇ ಉಸಿರಿನಲ್ಲಿ ಇನ್ನೊಂದು: ‘ಮಾತಾಡಿಸಿ ನೋಡಬಹುದಿತ್ತಲ್ವಾ?’ ಇದಕ್ಕೆ ನೀವು ‘ಪ್ರಶ್ನೆ’ ಅಂತ ಗುರುತು ಹಾಕಿರುತ್ತೀರಿ, ಆದರೆ ಇದು ಪ್ರಶ್ನೆಯ ವೇಷ ಹಾಕಿದ ಸಲಹೆ, ಜೊತೆಗೆ ಸಣ್ಣ ಆಕ್ಷೇಪಣೆ. ‘ಸಲಹೆ ಅವಸರದಲ್ಲಿ ಬಂತು’ ಅನ್ನುವ ಷರಾ ಬಂದಿದ್ದು ಇದಕ್ಕೇ. ಎರಡು ಪ್ರಶ್ನೆ ಒಟ್ಟಿಗೆ ಕೇಳಿದಾಗ ಕ್ಲೈಂಟ್ ಸುಲಭವಾದದ್ದಕ್ಕೆ, ಅದೂ ಕೊನೆಯದಕ್ಕೆ, ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ಇಲ್ಲೂ ಹಾಗೇ ಆಗಿದೆ.

‘ನಿಮಗೆ ಬೇಜಾರಾಗಿದೆ ಅಲ್ವಾ?’ ಇದನ್ನು ಭಾವನೆಯ ಪ್ರತಿಫಲನ ಅಂತ ಗುರುತು ಹಾಕಿದ್ದರೆ ಅಂಕ ಹೋಗುವುದು ಸಹಜ. ಎರಡು ತೊಡಕಿವೆ. ಒಂದು, ಕೊನೆಯ ‘ಅಲ್ವಾ’. ಅದು ಹೇಳಿಕೆಯನ್ನು ಹೌದು-ಇಲ್ಲದ ಪ್ರಶ್ನೆ ಮಾಡಿಬಿಡುತ್ತೆ, ಉತ್ತರವೂ ‘ಹೌದು’ ಅಂತ ಒಂದೇ ಪದ. ‘ಅಲ್ವಾ’ ಕತ್ತರಿಸಿ, ದನಿಯನ್ನು ಕೊನೆಯಲ್ಲಿ ಏರಿಸದೆ ಇಳಿಸಿ. ಇದೊಂದನ್ನೇ ಒಂದು ವಾರ ಅಭ್ಯಾಸ ಮಾಡಿದರೂ ರೆಕಾರ್ಡಿಂಗ್ ಬದಲಾಗುತ್ತೆ.

ಎರಡನೆಯದು ‘ಬೇಜಾರು’ ಅನ್ನುವ ಪದ. ಅದು ನಮ್ಮಲ್ಲಿ ಎಲ್ಲಕ್ಕೂ ಸಲ್ಲುತ್ತೆ: ದುಃಖಕ್ಕೂ ಬೇಜಾರು, ಸಿಟ್ಟಿಗೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು. ಕ್ಲೈಂಟ್ ಆ ಪದ ಬಳಸಿದರೆ ಅದು ಬಾಗಿಲು, ಅಲ್ಲಿಂದ ಒಳಗೆ ಹೋಗಬೇಕು. ನೀವೇ ಆ ಪದ ಬಳಸಿದರೆ ಬಾಗಿಲಲ್ಲೇ ನಿಂತ ಹಾಗೆ. ಸಂಕಟ, ಕೊರಗು, ಅಳುಕು, ದಿಗಿಲು, ಕಸಿವಿಸಿ, ಮುಜುಗರ, ಅವಮಾನ, ರೇಜಿಗೆ, ತಳಮಳ, ಹತಾಶೆ, ಅಸೂಯೆ, ಒಂಟಿತನ, ಪಶ್ಚಾತ್ತಾಪ: ಇಂಥ ನಲವತ್ತು ಪದಗಳ ಪಟ್ಟಿ ಮಾಡಿಕೊಳ್ಳಿ. ಪ್ರತಿಯೊಂದರ ಮುಂದೆಯೂ ತೀವ್ರತೆ ಕಡಿಮೆ, ಮಧ್ಯಮ, ಹೆಚ್ಚು ಅಂತ ಬರೆಯಿರಿ. ಅಳುಕು, ಹೆದರಿಕೆ, ದಿಗಿಲು ಒಂದೇ ಮೆಟ್ಟಿಲ ಮೇಲಿಲ್ಲ. ಅಳುಕಿಗೆ ದಿಗಿಲು ಅಂದರೆ ಕ್ಲೈಂಟ್ ಹಿಂದೆ ಸರಿಯುತ್ತಾರೆ, ದಿಗಿಲಿಗೆ ಅಳುಕು ಅಂದರೆ ‘ಇವರಿಗೆ ಅರ್ಥವಾಗಲಿಲ್ಲ’ ಅಂದುಕೊಳ್ಳುತ್ತಾರೆ.

ಹಾಗಾದರೆ ಅಲ್ಲಿ ಏನು ಹೇಳಬಹುದಿತ್ತು? ಒಂದು ದಾರಿ: ‘ಮಾತು ನಿಂತಿದ್ದು ಒಂದು ಕಡೆ. ಅದನ್ನ ಮನೇಲಿ ಯಾರೂ ಗಮನಿಸ್ತಾನೇ ಇಲ್ಲ ಅನ್ನೋದು ನಿಮ್ಮನ್ನ ಹೆಚ್ಚು ಕೊರೀತಿದೆ.’ ಹೇಳಿ ನಿಲ್ಲಿಸಿ. ತಪ್ಪಿದ್ದರೆ ಕ್ಲೈಂಟೇ ತಿದ್ದುತ್ತಾರೆ: ‘ಇಲ್ಲ, ಕೊರೆಯೋದಲ್ಲ, ನಂಗೆ ಸಿಟ್ಟೇ ಬರುತ್ತೆ.’ ಆ ತಿದ್ದುಪಡಿ ನಿಮ್ಮ ಸೋಲಲ್ಲ, ಸೆಷನ್ ಒಂದು ಹೆಜ್ಜೆ ಒಳಗೆ ಹೋಯಿತು ಅಂತ ಅರ್ಥ. ಪ್ರಶ್ನೆಯಿಂದ ಪ್ರತಿಫಲನಕ್ಕೆ ಬರುವ ಗುಟ್ಟು ಇಷ್ಟೇ: ಪ್ರತಿ ಪ್ರಶ್ನೆಯ ಹೊಟ್ಟೆಯಲ್ಲೂ ಒಂದು ಊಹೆ ಇರುತ್ತೆ. ಪ್ರಶ್ನೆ ಬಿಟ್ಟು ಆ ಊಹೆಯನ್ನೇ ಮೆಲ್ಲಗೆ ಎದುರಿಗಿಡಿ.

ಅಭ್ಯಾಸಕ್ಕೆ ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿಕೊಳ್ಳಿ: ಕ್ಲೈಂಟ್ ಹೇಳಿದ್ದು, ನೀವು ಹೇಳಿದ್ದು, ಕೌಶಲದ ಹೆಸರು, ಈಗ ಯೋಚಿಸಿದರೆ ಏನು ಹೇಳುತ್ತಿದ್ದಿರಿ. ನಾಲ್ಕನೆಯ ಕಾಲಂ ಬಹುಪಾಲು ಜನ ಖಾಲಿ ಬಿಡುತ್ತಾರೆ. ಕಲಿಕೆ ಇರುವುದು ಅಲ್ಲೇ. 15 ನಿಮಿಷದ ಧ್ವನಿಗೆ ಬರೆದಿಳಿಸಲು ಒಂದೂವರೆ ಗಂಟೆ, ಗುರುತು ಹಾಕಲು ಇನ್ನೊಂದು ಗಂಟೆ ಮೀಸಲಿಡಿ. ಸಲ್ಲಿಕೆಯ ಹಿಂದಿನ ರಾತ್ರಿ ಕೂತರೆ ಮೂರನೇ ಕಾಲಂವರೆಗೆ ಮಾತ್ರ ಮುಗಿಯುತ್ತೆ.

ಕೊನೆಗೆ ಎಣಿಸಿ. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ (ಬದಲಾಗುವ ಮನಸ್ಸನ್ನು ಕ್ಲೈಂಟ್‌ನಿಂದಲೇ ಹೊರತರುವ ಸಮಾಲೋಚನೆಯ ವಿಧಾನ) ಸೆಷನ್‌ಗಳನ್ನು ಅಳೆಯಲು ಬಳಸುವ ಎಂಐಟಿಐ ಅನ್ನುವ ಮಾನದಂಡದಲ್ಲಿ ಒಂದು ಪ್ರಶ್ನೆಗೆ ಒಂದು ಪ್ರತಿಫಲನ ಇದ್ದರೆ ಸಾಧಾರಣ, ಎರಡಿದ್ದರೆ ಒಳ್ಳೆಯದು. ಒಳ್ಳೆಯದು ಅನ್ನಿಸಿಕೊಳ್ಳಲು ಪ್ರತಿಫಲನಗಳಲ್ಲಿ ಅರ್ಧದಷ್ಟಾದರೂ ಕ್ಲೈಂಟ್ ಮಾತಿನಾಚೆಗಿನ ಅರ್ಥ ಹಿಡಿದಿರಬೇಕು, ಬರೀ ಮಾತನ್ನು ತಿರುಗಿಸಿ ಹೇಳುವುದಾಗಬಾರದು. ನಿಮ್ಮ ತುಣುಕಿನಲ್ಲಿ ಪ್ರಶ್ನೆ ಮೂರು, ಪ್ರತಿಫಲನ ಸೊನ್ನೆ. ಮುಂದಿನ ಸಲ ಒಂದಕ್ಕೊಂದು ಮುಟ್ಟಿದರೆ ಸಾಕು.

ಉತ್ತರ: ಮೂರನೇ_ಕುರ್ಚಿ

ಮೇಲಿನ ಉತ್ತರ ಚೆನ್ನಾಗಿದೆ, ಒಂದು ವಿಷಯಕ್ಕೆ ಮಾತ್ರ ಎಚ್ಚರ ಹೇಳಬೇಕು. ಪ್ರಶ್ನೆ-ಪ್ರತಿಫಲನದ ಅನುಪಾತವನ್ನು ಟ್ರಾನ್ಸ್‌ಕ್ರಿಪ್ಟ್ ಮೇಲೆ ಎಣಿಸಿ, ಸೆಷನ್‌ನಲ್ಲಿ ಕೂತಾಗ ಮರೆತುಬಿಡಿ. ಎಣಿಸುತ್ತಾ ಕೂತವರ ಬಾಯಲ್ಲಿ ‘ಅಂದರೆ ನಿಮಗೆ... ಅನ್ನಿಸ್ತಿದೆ’ ಅನ್ನುವ ಒಂದೇ ಅಚ್ಚಿನ ವಾಕ್ಯ ಎಂಟು ಸಲ ಬರುತ್ತೆ. ಕ್ಲೈಂಟ್‌ಗೆ ತನ್ನ ಮಾತೇ ಗೋಡೆಗೆ ಬಡಿದು ವಾಪಸ್ ಬಂದ ಹಾಗಾಗುತ್ತೆ. ಕ್ಲೈಂಟ್-ಕೇಂದ್ರಿತ ಚಿಕಿತ್ಸೆ ರೂಪಿಸಿದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1957ರ ತಮ್ಮ ಪ್ರಬಂಧದಲ್ಲಿ ಬದಲಾವಣೆಗೆ ಬೇಕಾದ ಆರು ಷರತ್ತುಗಳನ್ನು ಹೇಳುತ್ತಾರೆ. ಆರನೆಯದನ್ನು ಓದುವವರು ಅವಸರದಲ್ಲಿ ದಾಟಿಬಿಡುತ್ತಾರೆ: ಸಮಾಲೋಚಕರ ಎಂಪಥಿ ಮತ್ತು ಸ್ವೀಕಾರ ಸ್ವಲ್ಪಮಟ್ಟಿಗಾದರೂ ಕ್ಲೈಂಟ್‌ಗೆ ತಲುಪಿರಬೇಕು. ನಿಮ್ಮೊಳಗೆ ಎಷ್ಟಿದೆ ಅನ್ನುವುದಷ್ಟೇ ಅಲ್ಲ, ಅವರಿಗೆ ಎಷ್ಟು ಮುಟ್ಟಿತು ಅನ್ನುವುದೂ ಲೆಕ್ಕ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅದಕ್ಕೆ ಸಾಕ್ಷಿ ನಿಮ್ಮ ಮಾತಲ್ಲ, ನಿಮ್ಮ ಮಾತಿನ ನಂತರ ಕ್ಲೈಂಟ್ ಆಡಿದ ಮಾತು. ಅದು ಉದ್ದವಾಯಿತೇ, ಹೊಸ ಸಂಗತಿ ಬಂತೇ, ದನಿ ಬದಲಾಯಿತೇ ನೋಡಿ. ‘ಹ್ಞೂಂ’, ‘ಹೌದು’ ಬಂದಿದ್ದರೆ ತಲುಪಿಲ್ಲ.

ಅಭ್ಯಾಸಕ್ಕೆ ಇಬ್ಬರಿಗಿಂತ ಮೂವರು ಒಳ್ಳೆಯದು: ಸಮಾಲೋಚಕ, ಕ್ಲೈಂಟ್, ವೀಕ್ಷಕ. ಹತ್ತು ನಿಮಿಷ ಮಾತು, ಹತ್ತು ನಿಮಿಷ ಚರ್ಚೆ, ಆಮೇಲೆ ಪಾತ್ರ ಅದಲುಬದಲು. ಚರ್ಚೆಯಲ್ಲಿ ಮೊದಲು ಸಮಾಲೋಚಕ, ಆಮೇಲೆ ಕ್ಲೈಂಟ್, ಕೊನೆಗೆ ವೀಕ್ಷಕ ಮಾತಾಡಬೇಕು. ವೀಕ್ಷಕ ಮೊದಲು ಮಾತಾಡಿದರೆ ಉಳಿದಿಬ್ಬರ ಅನುಭವ ಅವರ ಅಭಿಪ್ರಾಯಕ್ಕೆ ಹೊಂದಿಕೊಂಡುಬಿಡುತ್ತೆ. ‘ಚೆನ್ನಾಗಿತ್ತು’, ‘ಎಂಪಥಿ ಕಡಿಮೆ ಇತ್ತು’ ಅಂತ ಹೇಳುವ ಹಾಗಿಲ್ಲ. ನಾಲ್ಕನೇ ನಿಮಿಷದಲ್ಲಿ ಇಂಥ ವಾಕ್ಯ ಹೇಳಿದಿರಿ, ಆಗ ಕ್ಲೈಂಟ್ ಕೈ ಕಟ್ಟಿಕೊಂಡರು: ಈ ಮಟ್ಟದ ವಿವರ ಬೇಕು. ಮನೋವಿಜ್ಞಾನಿ ಅಲೆನ್ ಐವಿ ಮತ್ತು ಜೊತೆಗಾರರು 1960ರ ದಶಕದಲ್ಲಿ ಸೂಕ್ಷ್ಮ ಕೌಶಲಗಳ (ಸಮಾಲೋಚನೆಯನ್ನು ಬಿಡಿಸಿದ ಸಣ್ಣ ಸಣ್ಣ ಕೌಶಲಗಳು) ತರಬೇತಿ ರೂಪಿಸಿದ್ದೇ ಒಂದು ಸಲಕ್ಕೆ ಒಂದು ಕೌಶಲ, ರೆಕಾರ್ಡಿಂಗ್, ಅದನ್ನು ನೋಡಿ ಮತ್ತೆ ಪ್ರಯತ್ನ ಅನ್ನುವ ಕ್ರಮದಲ್ಲಿ. ಆದ್ದರಿಂದ ಒಂದು ಸುತ್ತಿಗೆ ಒಂದೇ ಗುರಿ. ಈ ವಾರ ಐದು ನಿಮಿಷ ಒಂದೂ ಪ್ರಶ್ನೆ ಕೇಳದೆ ನಡೆಸಿ. ಮುಂದಿನ ವಾರ ಸಾರಾಂಶ ಹೇಳುವುದು ಮಾತ್ರ.

ಕ್ಲೈಂಟ್ ಪಾತ್ರಕ್ಕೆ ಪೂರ್ತಿ ಕಟ್ಟುಕತೆ ಬೇಡ. ಕಟ್ಟಿದ ಕತೆಯಲ್ಲಿ ಭಾವನೆ ಇರುವುದಿಲ್ಲ, ಪ್ರತಿಫಲಿಸಲು ಏನೂ ಸಿಗುವುದಿಲ್ಲ. ಹಾಗಂತ ದೊಡ್ಡ ಆಘಾತವನ್ನೂ ತರಬಾರದು, ಅದನ್ನು ತೆರೆದು ಮುಚ್ಚುವ ಸಾಮರ್ಥ್ಯ ಸಹಪಾಠಿಗಳಿಗೆ ಇನ್ನೂ ಬಂದಿಲ್ಲ. ಹತ್ತರಲ್ಲಿ ಮೂರು ನಾಲ್ಕರಷ್ಟು ಭಾರದ ನಿಜವಾದ ವಿಷಯ ಆಯ್ದುಕೊಳ್ಳಿ: ಮುಂದೂಡುತ್ತಿರುವ ಕೆಲಸ, ಗೆಳೆಯರ ಜೊತೆಗಿನ ಮುನಿಸು, ಆಯ್ಕೆಯ ಗೊಂದಲ. ಕೈ ಎತ್ತಿದರೆ ನಿಲ್ಲಿಸಬೇಕು ಅಂತ ಮೊದಲೇ ಮಾತಾಗಿರಲಿ. ಅಲ್ಲಿ ಕೇಳಿದ್ದು ಕ್ಯಾಂಟೀನ್‌ಗೆ ಬರಬಾರದು.

ಉತ್ತರ: ಅಂಕಿ_ಅರ್ಥ

ಸಂಖ್ಯಾಶಾಸ್ತ್ರದ ಪ್ರಶ್ನೆಗೆ ಬರುತ್ತೇನೆ. ಪೇಪರ್ ಇಡೀ ಗಟ್ಟಿ ಮಾಡಲು ಸಮಯವಿಲ್ಲದಿದ್ದರೆ ಎರಡು ವಿಷಯ ಬಿಡಬೇಡಿ: ಅಳತೆಯ ದೋಷ, ಮತ್ತು ಸ್ಕ್ರೀನಿಂಗ್ (ತೊಂದರೆ ಇರಬಹುದಾದವರನ್ನು ಗುರುತಿಸುವ ಮೊದಲ ಜರಡಿ) ಫಲಿತಾಂಶದ ಅರ್ಥ. ಒಂದು ಅಂಕೆ ಕೈಗೆ ಬಂದಾಗ ಕ್ಲೈಂಟ್‌ಗೆ ಏನು ಹೇಳಬಹುದು, ಏನು ಹೇಳಬಾರದು ಅನ್ನುವುದು ಇವೆರಡರ ಮೇಲೆ ನಿಂತಿದೆ.

ಮೊದಲನೆಯದು. ಒಂದು ಪರೀಕ್ಷೆಯ ಸರಾಸರಿ 100, ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ) 15, ವಿಶ್ವಾಸಾರ್ಹತೆ (ಅಳತೆ ಎಷ್ಟು ಸ್ಥಿರ ಅನ್ನುವುದು, 1 ಅಂದರೆ ದೋಷವೇ ಇಲ್ಲ) 0.91 ಅಂತಿಟ್ಟುಕೊಳ್ಳಿ. ಅಳತೆಯ ಪ್ರಮಾಣ ದೋಷ ಅಂದರೆ 15ನ್ನು, 1ರಿಂದ 0.91 ಕಳೆದು ಬಂದದ್ದರ ವರ್ಗಮೂಲದಿಂದ ಗುಣಿಸಿದ್ದು. 0.09ರ ವರ್ಗಮೂಲ 0.3, ಅಲ್ಲಿಗೆ ದೋಷ 4.5. ಶೇ 95ರ ವ್ಯಾಪ್ತಿಗೆ ಅದನ್ನು 1.96ರಿಂದ ಗುಣಿಸಿದರೆ ಸುಮಾರು 9. ಅಂದರೆ 104 ಬಂದವರ ಅಂಕವನ್ನು 95ರಿಂದ 113ರ ನಡುವೆ ಅಂತ ಓದಬೇಕು. ಇಷ್ಟು ಒಳ್ಳೆಯ ವಿಶ್ವಾಸಾರ್ಹತೆ ಇರುವ ಪರೀಕ್ಷೆಯಲ್ಲೇ ಹೀಗೆ. ‘ಸರಾಸರಿಗಿಂತ ಮೇಲಿದ್ದಾರೆ’ ಅಂತ ವರದಿಯಲ್ಲಿ ಬರೆದರೆ ಅದು ತಪ್ಪು ವರದಿ.

ಮೊದಲು ಮತ್ತು ನಂತರ ಅಂತ ಎರಡು ಸಲ ಅಳೆದಾಗ ದೋಷವೂ ಎರಡು ಸಲ ಸೇರುತ್ತೆ. 4.5ನ್ನು 2ರ ವರ್ಗಮೂಲದಿಂದ ಗುಣಿಸಿದರೆ 6.36, ಅದನ್ನು 1.96ರಿಂದ ಗುಣಿಸಿದರೆ ಸುಮಾರು 12.5. ಆದ್ದರಿಂದ ಅಂಕ 13ರಷ್ಟಾದರೂ ಬದಲಾಗದೆ ‘ಸುಧಾರಣೆ ಆಗಿದೆ’ ಅನ್ನುವ ಹಾಗಿಲ್ಲ. ಜೇಕಬ್‌ಸನ್ ಮತ್ತು ಟ್ರುಆಕ್ಸ್ 1991ರಲ್ಲಿ ವಿವರಿಸಿದ ವಿಶ್ವಾಸಾರ್ಹ ಬದಲಾವಣೆಯ ಸೂಚ್ಯಂಕ ಇದೇ ತರ್ಕದ್ದು. ಕೇಸ್ ವರದಿಯಲ್ಲಿ ಈ ಒಂದು ಲೆಕ್ಕ ಇದ್ದರೆ ತೂಕವೇ ಬೇರೆ. ಇನ್ನೊಂದು: ಅತಿ ಹೆಚ್ಚು ಅಂಕ ಬಂದವರನ್ನೇ ಆರಿಸಿ ಮತ್ತೆ ಅಳೆದರೆ, ಏನೂ ಮಾಡದಿದ್ದರೂ ಎರಡನೇ ಸಲ ಅಂಕ ಸರಾಸರಿಯ ಕಡೆಗೆ ಸರಿಯುತ್ತೆ. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದ ಕಿರು ಸಂಶೋಧನೆಗಳು ಎಡವುವುದು ಇಲ್ಲೇ.

ಎರಡನೆಯದು. ಖಿನ್ನತೆಯ ಸ್ಕ್ರೀನಿಂಗ್‌ಗೆ ಹೆಚ್ಚು ಬಳಕೆಯಲ್ಲಿರುವ ಪಿಎಚ್‌ಕ್ಯೂ-9ರಲ್ಲಿ ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. 5, 10, 15, 20 ಇವು ತೀವ್ರತೆಯ ಗಡಿಗಳು. 2001ರ ಮೂಲ ಅಧ್ಯಯನದಲ್ಲಿ 10ರ ಗಡಿಗೆ ಸೆನ್ಸಿಟಿವಿಟಿ (ಖಿನ್ನತೆ ಇರುವವರಲ್ಲಿ ಸಿಕ್ಕಿಬೀಳುವವರ ಪಾಲು) ಶೇ 88, ಸ್ಪೆಸಿಫಿಸಿಟಿಯೂ (ಖಿನ್ನತೆ ಇಲ್ಲದವರಲ್ಲಿ ಗಡಿ ದಾಟದವರ ಪಾಲು) ಶೇ 88 ಬಂದಿತ್ತು. ಕೇಳಲು ಬಹಳ ಚೆನ್ನಾಗಿದೆ. ಈಗ 1,000 ವಿದ್ಯಾರ್ಥಿಗಳಿಗೆ ಕೊಟ್ಟಿರಿ, ಅವರಲ್ಲಿ ನಿಜಕ್ಕೂ ಖಿನ್ನತೆ ಇರುವವರು 100 ಅಂತಿಟ್ಟುಕೊಳ್ಳಿ. 100ರಲ್ಲಿ 88 ಮಂದಿ ಸಿಕ್ಕರು. ಉಳಿದ 900ರಲ್ಲಿ ಶೇ 12, ಅಂದರೆ 108 ಮಂದಿ, ಖಿನ್ನತೆ ಇಲ್ಲದೆಯೂ ಗಡಿ ದಾಟಿದರು. ಗಡಿ ದಾಟಿದವರು ಒಟ್ಟು 196, ಅವರಲ್ಲಿ ನಿಜವಾಗಿ ಖಿನ್ನತೆ ಇರುವವರು ಅರ್ಧಕ್ಕಿಂತ ಕಡಿಮೆ. ಖಿನ್ನತೆ ಇರುವವರು 1,000ಕ್ಕೆ 50 ಮಾತ್ರ ಆಗಿದ್ದರೆ ಇದು ಶೇ 28ಕ್ಕೆ ಇಳಿಯುತ್ತೆ. ಹಾಗಾಗಿ ಅಂಕ ನೋಡಿ ‘ನಿಮಗೆ ಖಿನ್ನತೆ ಇದೆ’ ಅನ್ನಬೇಡಿ. ‘ಇದರ ಬಗ್ಗೆ ಕೂತು ಮಾತಾಡಬೇಕು ಅಂತ ಇದು ತೋರಿಸ್ತಿದೆ’ ಅನ್ನಿ. ರೋಗನಿರ್ಣಯ ಸಂದರ್ಶನದಿಂದ ಆಗುತ್ತೆ, ಅದಕ್ಕೆ ಅರ್ಹತೆ ಇರುವವರಿಂದ.

ಉತ್ತರ: ಕೇಳುವ_ಕಿವಿ

ಅದೇ ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆಯನ್ನು ಇಲ್ಲೇ ಸೇರಿಸುತ್ತೇನೆ. ಅದು ಬದುಕಿರುವುದಕ್ಕಿಂತ ಸಾಯುವುದೇ ವಾಸಿ ಅನ್ನುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಗಳ ಬಗ್ಗೆ. ಅಲ್ಲಿ 0 ಬಿಟ್ಟು ಯಾವ ಉತ್ತರ ಬಂದರೂ, ಒಟ್ಟು ಅಂಕ ಬರೀ 4 ಇದ್ದರೂ, ಅದೇ ದಿನ ಅದೇ ಕೋಣೆಯಲ್ಲಿ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತೆ ಅನ್ನುವ ಭಯಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ‘ಸಾಯಬೇಕು ಅನ್ನೋ ಯೋಚನೆ ಬರ್ತಾ ಇದೆಯಾ?’ ಅಂತ ಸುತ್ತುಬಳಸದೆ ಕೇಳಿ. ಹೌದು ಅಂದರೆ ಹೇಗೆ ಅಂತ ಯೋಚಿಸಿದ್ದಾರಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯಾ, ಹಿಂದೆ ಪ್ರಯತ್ನ ಆಗಿದೆಯಾ, ಇಲ್ಲಿಯವರೆಗೆ ತಡೆದು ನಿಲ್ಲಿಸಿರುವುದು ಏನು, ಯಾರು. ವಿದ್ಯಾರ್ಥಿಯಾಗಿ ಇದನ್ನು ಒಬ್ಬರೇ ಹೊತ್ತುಕೊಳ್ಳುವಂತಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಸೂಪರ್‌ವೈಸರ್‌ಗೆ ಆಗಲೇ ತಿಳಿಸಬೇಕು. ಹೀಗೆ ತಿಳಿಸಬೇಕಾಗಬಹುದು ಅನ್ನುವುದನ್ನು ಸೆಷನ್ ಶುರುವಿನಲ್ಲೇ ಹೇಳಿರಬೇಕು. ‘ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ’ ಅಂತ ಪೂರ್ತಿ ಮಾತು ಕೊಟ್ಟು ಮಧ್ಯದಲ್ಲಿ ಮುರಿಯುವುದು ಕ್ಲೈಂಟ್‌ಗೆ ಎರಡನೇ ಪೆಟ್ಟು.

ರೆಕಾರ್ಡಿಂಗ್‌ಗೆ ಸಹಪಾಠಿಯಾದರೂ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ: ಯಾತಕ್ಕೆ, ಯಾರು ಕೇಳುತ್ತಾರೆ, ಎಲ್ಲಿರುತ್ತೆ, ಯಾವತ್ತು ಅಳಿಸುತ್ತೀರಿ, ನಡುವೆ ಬೇಡವೆಂದರೆ ನಿಲ್ಲಿಸಬಹುದು ಅಂತ. ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದು ತಾನಾಗಿಯೇ ಕ್ಲೌಡ್‌ಗೆ ಹೋಗುವ ಸೆಟ್ಟಿಂಗ್ ಇರಬಹುದು, ಮೊದಲೇ ಬಂದ್ ಮಾಡಿ. ಫೋನ್‌ನಿಂದ ಅಳಿಸಿದರೂ ಪ್ರತಿ ಅಲ್ಲಿ ಉಳಿದಿರಬಹುದು. ಹೆಸರು ಬದಲಿಸಿದರೆ ಸಾಲದು. ಊರು, ಒಡಹುಟ್ಟಿದವರ ಸಂಖ್ಯೆ, ಕೋರ್ಸ್ ಮೂರೂ ಸೇರಿದರೆ ತರಗತಿಯಲ್ಲಿ ಯಾರು ಅಂತ ಗೊತ್ತಾಗಿಬಿಡುತ್ತೆ.

ಪ್ರಶ್ನೆ ಕೇಳಿದವರು: ನಾಲ್ಕನೇ_ಸೆಮಿಸ್ಟರ್

ತುಂಬಾ ಉಪಕಾರವಾಯ್ತು. ‘ಅಲ್ವಾ’ ಹುಡುಕಿ ನೋಡಿದೆ, ಹದಿನೈದು ನಿಮಿಷದಲ್ಲಿ ಹನ್ನೊಂದು. ಪ್ರತಿಫಲನ ಹೇಳಿದ ಮೇಲೆ ಕ್ಲೈಂಟ್ ಸುಮ್ಮನಾದರೆ ಎಷ್ಟು ಹೊತ್ತು ಕಾಯಬೇಕು? ಆ ಮೌನ ತುಂಬಲಿಕ್ಕೇ ಪ್ರಶ್ನೆ ಬರುತ್ತಿದೆ ಅನ್ನಿಸುತ್ತಿದೆ.

ಉತ್ತರ: ಮೂರನೇ_ಕುರ್ಚಿ

ಸರಿಯಾಗಿ ಹಿಡಿದಿರಿ, ಬಹಳಷ್ಟು ಪ್ರಶ್ನೆಗಳು ಅಲ್ಲೇ ಹುಟ್ಟುವುದು. ಸೆಕೆಂಡ್‌ಗಿಂತ ಮುಖ ನೋಡಿ. ಕಣ್ಣು ಕೆಳಗೆ ಅಥವಾ ಪಕ್ಕಕ್ಕೆ ಹೋಗಿ ನಿಂತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ, ಬಿಟ್ಟುಬಿಡಿ, ಹದಿನೈದು ಸೆಕೆಂಡ್ ಆದರೂ ಸರಿ. ಕಣ್ಣು ನಿಮ್ಮ ಕಡೆಗೇ ಇದ್ದು, ಕುರ್ಚಿಯಲ್ಲಿ ಮಿಸುಕಾಡುತ್ತಾ ‘ಮುಂದೇನು’ ಅಂತ ಕಾಯುತ್ತಿದ್ದರೆ ಅದು ಮುಜುಗರದ ಮೌನ, ಐದಾರು ಸೆಕೆಂಡ್‌ಗೆ ಮಾತಾಡಿ. ಆಗಲೂ ಹೊಸ ಪ್ರಶ್ನೆ ಬೇಡ. ‘ಈಗ ಸುಮ್ಮನಾದ್ರಿ... ಏನೋ ನೆನಪಾದ ಹಾಗಿದೆ’ ಅಂದರೆ ಸಾಕು. ಶುರುವಿನಲ್ಲಿ ನಿಮಗೆ ಮೂರು ಸೆಕೆಂಡೇ ಒಂದು ನಿಮಿಷದಷ್ಟು ಅನ್ನಿಸುತ್ತೆ. ರೆಕಾರ್ಡಿಂಗ್‌ನಲ್ಲಿ ಗಡಿಯಾರ ನೋಡಿ ಅಳೆದು, ನಿಮ್ಮ ಅಂದಾಜಿನ ಪಕ್ಕದಲ್ಲಿ ಬರೆದಿಡಿ. ನಾಲ್ಕೈದು ಸೆಷನ್ ಹೀಗೆ ಮಾಡಿದರೆ ಎರಡೂ ಅಂಕೆ ಹತ್ತಿರ ಬರುತ್ತವೆ.